ಉತ್ತರ ಬರೆಯಬೇಡಿ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ರಿಪೋರ್ಟಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ರಿಪೋರ್ಟನ್ನು ಅವರವರ ಇಮೇಲಿಗೆ ಕಳಿಸುವುದು ಅವಳ ಕೆಲಸ. ಕೆಟ್ಟ ಸುದ್ದಿಯಿದ್ದರೆ ಮಾತ್ರ ಕಳಿಸುತ್ತಿರಲಿಲ್ಲ. ಮೊದಲು ಫೋನು ಮಾಡಿ, "ಕೂತಿದ್ದೀರಾ? ಜೊತೇಲಿ ಯಾರಾದ್ರೂ ಇದ್ದಾರಾ?" ಎಂದು ಕೇಳುವಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಕರುಳಿದ್ದವರಿಗೆ ಅದನ್ನೂ ಹೇಳಿಕೊಡಬೇಕೇ?

ರಿಪೋರ್ಟುಗಳು ರಾಶಿ ಬಿದ್ದಂತೆಲ್ಲ ಮ್ಯಾನೇಜರು ಅವಳ ತಲೆ ತಿನ್ನತೊಡಗಿದ. ಅವಳು ಹಟ ಹಿಡಿದು, ವಿಡಿಯೋ ನೋಡಿ ನೋಡಿ, ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಫೋಲ್ಡರಿನಲ್ಲಿದ್ದ ರಿಪೋರ್ಟುಗಳೆಲ್ಲ ದಿನಾ ನಾಲ್ಕು ಗಂಟೆಗೆ ತಾವಾಗಿಯೇ ಹೊರಡುತ್ತಿದ್ದವು. ಕೊನೆಗೊಂದು ಸಾಲು ಸೇರಿಸಿದ್ದಳು: "ಇದು ತಾನಾಗಿ ಬಂದ ಮೇಲ್. ದಯವಿಟ್ಟು ಉತ್ತರ ಬರೆಯಬೇಡಿ." ಕೆಟ್ಟ ರಿಪೋರ್ಟುಗಳನ್ನು ನಾಲ್ಕಕ್ಕೆ ಮುಂಚೆ ತಾನೇ ಹೊರಗೆ ತೆಗೆದಿಡುವಳು. ಮ್ಯಾನೇಜರು ಹೊಗಳಿ ಅಟ್ಟಕ್ಕೇರಿಸಿದ. ಸಂಬಳ ಮಾತ್ರ ನೆಲದಲ್ಲೇ ಇತ್ತು.

ಒಂದು ಮಧ್ಯಾಹ್ನ ಬಂದದ್ದು ಅವಳ ಸ್ವಂತ ಅಕ್ಕನ ರಿಪೋರ್ಟು. ಎದೆಯ ಗಂಟು ಕ್ಯಾನ್ಸರೇ. ಅಮ್ಮ ಹೋದಮೇಲೆ ಅವಳನ್ನು ಸಾಕಿದ ಅಕ್ಕ, ಒಂಟಿ ಜೀವ. ಇದನ್ನು ಫೋನಿನಲ್ಲಿ ಹೇಳುವುದುಂಟೇ? ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಬೇಕು. ಪ್ರಿಂಟು ತೆಗೆದು ಬ್ಯಾಗಿಗೆ ತುರುಕಿ, ತಲೆನೋವೆಂದು ಮ್ಯಾನೇಜರಿಗೆ ಸುಳ್ಳು ಹೇಳಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಕಾಗದ ತನ್ನ ಬಳಿಯೇ ಇದೆಯಲ್ಲ ಎಂಬ ಧೈರ್ಯದಲ್ಲಿ ಫೋಲ್ಡರಿನ ನೆನಪೇ ಬರಲಿಲ್ಲ.

ಅಕ್ಕನ ಮನೆ ತಲುಪಿದಾಗ ಐದು ದಾಟಿತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಅರ್ಧಕ್ಕೇ ನಿಂತಿತ್ತು. ಮಡಿಲಲ್ಲಿ ಫೋನು.

"ಬಂದ್ಯಾ?" ಎಂದಳು ಅಕ್ಕ. "ನಾಲ್ಕು ಗಂಟೆಗೇ ನಿನ್ನ ಮೇಲ್ ಬಂತು ಕಣೇ."

ರಿಪೋರ್ಟಕ್ಕ ಬ್ಯಾಗನ್ನು ನೆಲಕ್ಕಿಟ್ಟಳು. "ಅಯ್ಯೋ ಅಕ್ಕಾ... ಒಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡೋಣ ಅಂತಾನೇ ಕೈಗೆ ತಗೊಂಡೆ. ಉತ್ತರ ಬರೀಬೇಡಿ ಅಂತ ಕೆಳಗೆ ನೀನೇ ಬರೆದಿದ್ದೆಯಲ್ಲ. ಪಾಪ, ಅವಳಿಗೂ ಈಗ ಮಾತಾಡೋಕೆ ಆಗ್ತಿಲ್ವೇನೋ ಅಂತ ಸುಮ್ಮನಾದೆ."

ಗುರುತು ಪರಿಚಯ ಇಲ್ಲದವರಿಗೆಲ್ಲ ಕೇಳುತ್ತಿದ್ದ ಆ ಎರಡು ಪ್ರಶ್ನೆಗಳು ಅವಳಿಗೆ ನೆನಪಾದವು. ಅಕ್ಕ ಕೂತೇ ಇದ್ದಳು. ಜೊತೆಯಲ್ಲಿ ಯಾರೂ ಇರಲಿಲ್ಲ.