ಭಾವನ ಕ್ಯಾಮೆರಾ, ಗುಡ್ಡದ ಪಟ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಅರೆಯುವುದು ಅವನ ಕಸುಬು. ಇಪ್ಪತ್ತೆರಡು ವರ್ಷದಿಂದ ಅದೇ. ಭಾನುವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಊರಾಚೆಯ ಗುಡ್ಡದೆದುರು ನಿಂತು ಪಟ ತೆಗೆಯುತ್ತಿದ್ದ. ಮೋಡಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದುದರಿಂದ ಬೀದಿಯವರು ಮೋಡಪ್ಪ ಎಂದು ಹೆಸರಿಟ್ಟಿದ್ದರು.

ಅವನ ಹಳೇ ಕ್ಯಾಮೆರಾಕ್ಕೆ ಫ್ಲ್ಯಾಶ್ ಇರಲಿಲ್ಲ. ಗುಡ್ಡದ ಹಿಂದೆ ಆಕಾಶ ಬೆಳಗಿದಾಗ ತೆಗೆದರೆ ಮುಂದಿನ ಬಂಡೆ ಇದ್ದಿಲು. ಬಂಡೆ ಕಾಣಲೆಂದು ಬೆಳಕು ಹೆಚ್ಚಿಸಿದರೆ ಆಕಾಶ ಸುಣ್ಣ ಬಳಿದ ಗೋಡೆ. ಬಂಡೆಗೆ ಮಾತ್ರ ಒಂದಿಷ್ಟು ಬೆಳಕು ಬೇಕಿತ್ತು. ಫ್ಲ್ಯಾಶ್ ಇರುವ ಕ್ಯಾಮೆರಾ ಇದ್ದದ್ದು ಅಕ್ಕನ ಗಂಡನ ಹತ್ತಿರ. ಬಸ್ಸು ಓಡಿಸಿ ನಿವೃತ್ತರಾಗಿದ್ದ ಭಾವ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಗುಡ್ಡಕ್ಕೆ ಟಾರ್ಚ್ ಬಿಡೋಕೆ ಹೊರಟಿದೀಯೇನೋ?” ಎಂದು, ಕೇಳಲು ಹೋದವನನ್ನು ನೋಡಿ ಭಾವ ನಕ್ಕರು.

“ಗುಡ್ಡಕ್ಕಲ್ಲ ಭಾವ, ಹತ್ತು ಹೆಜ್ಜೆ ದೂರದ ಬಂಡೆಗೆ. ಗುಡ್ಡಾನ ಸೂರ್ಯ ನೋಡ್ಕೋತಾನೆ.”

ಅಕ್ಕ ನಡುವೆ ಬಂದಳು. “ಕೊಡಿ. ಏನಾದ್ರೂ ಆದ್ರೆ ನನ್ನ ಕೇಳಿ.”

ಆ ಮಾತಿನ ಮೇಲೆ ಕೊಟ್ಟರು.

ಆ ಭಾನುವಾರ ಹಲ್ಲು ಕಟಕಟಿಸುವ ಚಳಿ. ಎಂಟು ಪಟ ತೆಗೆದು ಕ್ಯಾಮೆರಾದ ಪರದೆಯಲ್ಲಿ ನೋಡಿದ. ಬಂಡೆ ಬೆಳಗಿತ್ತು, ಸರಿ. ಆದರೆ ಎಂಟರಲ್ಲೂ ಬಿಳಿ ಮಬ್ಬು, ಮಬ್ಬಿನ ತುಂಬ ದುಂಡು ದುಂಡು ಚುಕ್ಕೆ. ಕ್ಯಾಮೆರಾದ ಗಾಜಿನ ಮೇಲಿನ ತೆಳು ಲೇಪ ಎದ್ದುಹೋಗಿದೆ ಎಂದುಕೊಂಡ. ಅದು ಒಮ್ಮೆ ಹೋದರೆ ಹೋಯಿತು. ಗಾಜಿನ ಕೆಲಸದವನಿಗೆ ಬೇರೆಯವರು ಹೇಳಬೇಕೆ? ಇನ್ನು ಅಕ್ಕ ಗಂಡನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು?

ಕ್ಯಾಮೆರಾವನ್ನು ಆರಿಸಿ ಚೀಲಕ್ಕೆ ಹಾಕಿದವನು ಮತ್ತೆ ಮುಟ್ಟಲಿಲ್ಲ. ಮಂಗಳವಾರ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿಬಿಟ್ಟ. ಅವರು ಬಾಗಿಲಲ್ಲೇ ನಿಂತು, “ಇದೇನಪ್ಪಾ, ಮೆಟ್ಟಿಲು ಎರಡೆರಡು ಕಾಣ್ತಿದೆ!” ಎಂದರು.

ಬುಧವಾರ ಸಂಜೆ ಅಕ್ಕನೇ ಅಂಗಡಿಗೆ ಬಂದಳು. “ಕ್ಯಾಮೆರಾ ಎಲ್ಲೋ? ನಿಮ್ಮ ಭಾವ ಹತ್ತು ಸಲ ಕೇಳಿದ್ರು.” ಅವನು ಬಾಯಿಬಿಟ್ಟು ಹೇಳಿದ, ಪಟಗಳನ್ನೂ ತೋರಿಸಿದ. ಅಕ್ಕ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದನ್ನೂ ನೋಡಿದಳು. ಬೈಯಲಿಲ್ಲ. “ಬೆಳಿಗ್ಗೆ ನಾನೂ ಬರ್ತೀನಿ. ಹೇಗೆ ತೆಗೆದ್ಯೋ ಹಾಗೇ ತೆಗಿ,” ಎಂದಳು.

ಮರುದಿನ ಶಾಲು ಹೊದ್ದು ಅವನ ಪಕ್ಕದಲ್ಲಿ ನಿಂತಳು. ಅವನು ಗಾಜಿಗೆ ‘ಹಾ’ ಎಂದು ಊದಿ, ಒರೆಸಿ, ಗುಂಡಿ ಒತ್ತಿದ. ಮತ್ತೆ ಅದೇ ಚುಕ್ಕೆ.

“ಅದ್ಯಾಕೋ ಹಾ ಅಂದೆ?”

“ಎಲ್ಲಿ ಅಂದೆ?”

“ಈಗಲೇ ಅಂದ್ಯಲ್ಲ!”

ಅರೆದ ಪ್ರತಿ ಗಾಜಿಗೂ ಊದಿ ಒರೆಸಿ ಕೊಡುವವನು. ಗಾಜು ಕಂಡರೆ ಬಾಯಿ ತಾನಾಗಿ ಊದುತ್ತಿತ್ತು, ಅವನಿಗೆ ಅರಿವೇ ಇರಲಿಲ್ಲ.

“ಲಾಂಡ್ರಿಯಲ್ಲಿ ಇಸ್ತ್ರಿ ಮಾಡೋಳು ನಾನು, ದಿನವೆಲ್ಲ ಹಬೇಲಿ ನಿಂತಿರ್ತೀನಿ. ಕಿಟಕಿ ಬಿಸಿಲು ಬಿದ್ರೆ ಹಬೆ ಹೀಗೇ ಬೆಳ್ಳಗೆ ಹೊಳೆಯುತ್ತೆ. ಫ್ಲ್ಯಾಶ್ ಬೆಳಕಿಗೆ ಹೊಳೀತಿರೋದು ನಿನ್ನ ಉಸಿರು ಕಣೋ, ಪೆದ್ದ! ಬಾಯಿ ಮುಚ್ಕೊಂಡು ತೆಗಿ.”

ಅವನು ತುಟಿ ಬಿಗಿದು, ಮುಂದೆ ತೇಲುತ್ತಿದ್ದ ಆವಿ ಕರಗುವವರೆಗೆ ಕಾದು, ಒತ್ತಿದ. ಒಂದು ಚುಕ್ಕೆಯೂ ಇಲ್ಲ. ಬಂಡೆಯ ಬಿರುಕು, ಅದರಲ್ಲಿ ಅಂಟಿದ ಪಾಚಿ, ಹಿಂದೆ ನೀಲಿ ಗುಡ್ಡ, ಕೆಂಪು ಆಕಾಶ, ಎಲ್ಲಾ ಇದ್ದ ಹಾಗೇ. ಅವನು ಇಬ್ಬನಿ ಹುಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದ.

“ಏಳೋ, ಪ್ಯಾಂಟು ಒದ್ದೆಯಾಗುತ್ತೆ. ಒಗೆಯೋಕೆ ನನ್ನ ಹತ್ರ ತರಬೇಡ,” ಎಂದಳು ಅಕ್ಕ. ಅವಳ ಕಣ್ಣೂ ಒದ್ದೆಯಾಗಿತ್ತು.

ಅಲ್ಲಿಂದ ನೇರ ಅವಳ ಮನೆಗೇ ಹೋದರು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಭಾವ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, “ನಾಲ್ಕು ದಿನ ಒಬ್ನೇ ಒದ್ದಾಡಿದ್ಯಾ? ಅವತ್ತೇ ಬಂದು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ?” ಎಂದರು.

ಅಕ್ಕ ತಟ್ಟೆ ತಂದಿಟ್ಟಳು. ಬಡಿಸಿದಷ್ಟೂ ಉಂಡ, ಒಂದು ಸಲವೂ ಸಾಕು ಅನ್ನಲಿಲ್ಲ.