ಜೀಪಿನಲ್ಲಿ ಮಗಳ ಪಕ್ಕ

ಮಗಳಿಗೆ ಶಾಲೆಯಲ್ಲಿ ಒಬ್ಬ ಗೆಳತಿಯೂ ಇರಲಿಲ್ಲ. ಪಾಪ ಎಂದು, ಹಾನುಬಾಳಿನಿಂದ ಸಕಲೇಶಪುರಕ್ಕೆ ಹೋಗುವ ಶಾಲಾಮಕ್ಕಳ ಜೀಪಿನಲ್ಲಿ ನಾನೂ ದಿನಾ ಅವಳ ಪಕ್ಕ ಕೂರುತ್ತಿದ್ದೆ.

ಒಂದು ದಿನ ಎದುರಿಗಿದ್ದ ಹುಡುಗಿ ಅವಳನ್ನು, "ಕುಂಟೆಬಿಲ್ಲೆ ಆಡ್ತೀಯೇನೇ?" ಎಂದು ಕೇಳಿದಳು.

"ಆಡುವುದಿಲ್ಲ. ಸಾಕ್ಸ್ ಕೊಳೆಯಾಗುತ್ತದೆ," ಎಂದೆ ನಾನು.

"ಏನೇ ತಿಂಡಿ ತಿಂದೆ?"

"ಇಡ್ಲಿ." ಅದಕ್ಕೂ ನಾನೇ ಉತ್ತರಿಸಿದೆ.

ಹುಡುಗಿ ಡ್ರೈವರ್ ಕಡೆ ತಿರುಗಿದಳು. "ಅಣ್ಣಾ, ಈ ಆಂಟಿನ ಮುಂದ್ಕೆ ಕೂರಿಸ್ಕಳಣ್ಣ. ಇವ್ರು ಪಕ್ಕದಲ್ಲಿದ್ರೆ ಇವ್ಳು ಮಾತೇ ಆಡಕಿಲ್ಲ!"

ಕಾನ್ವೆಂಟಿನಲ್ಲಿ ಓದಿದವಳು ನಾನು, ಅವಳ ಆ ಭಾಷೆಗೆ ಗದರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳೇ, "ಹೋಗಮ್ಮಾ" ಎಂದುಬಿಟ್ಟಳು.

ಮುಂದೆ ಹೋಗಿ ಕೂತೆ. ಆನೇಮಹಲ್ ಬರುವಷ್ಟರಲ್ಲಿ ಹಿಂದೆ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ಕಿವಿಗೊಟ್ಟೆ. ಮಗಳು ನನ್ನನ್ನೇ ಅಣಕಿಸುತ್ತಿದ್ದಳು. ಉಚ್ಚಾರಣೆ ಮಾತ್ರ ಬಹಳ ಸ್ವಚ್ಛವಾಗಿತ್ತು. ಅದನ್ನು ಕಲಿಸಿದ್ದು ನಾನೇ.