ನಾಟಕದ ಉಪ್ಪಿಟ್ಟು

ಮೊನ್ನೆ ಅಟ್ಟದ ಮೇಲಿದ್ದ ನಾಟಕದ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ಮೀಸೆ ಅಂಟಿಸುವ ಗೋಂದಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಬೇರೆಯವರಿಗೆ ಅದು ಬರೀ ಗೋಂದಿರಬಹುದು. ನನಗೆ ಮಾತ್ರ ಅದರ ಹಿಂದೆಯೇ ಉಪ್ಪಿಟ್ಟಿನ ಒಗ್ಗರಣೆಯ ಘಮವೂ ಬರುತ್ತದೆ. ಉಪ್ಪಿಟ್ಟಿನ ಹಿಂದೆ ಕೆಳಗಿನ ಮನೆ ಆಂಟಿ...

ದೀಪಾಂಜಲಿ ನಗರದ ಆ ಮನೆಯಲ್ಲಿ ನಾವು ಮಹಡಿಯ ಮೇಲಿದ್ದೆವು, ಅವರು ಕೆಳಗಿದ್ದರು. ಆಂಟಿಯ ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದವರು, ಗೇಟಿನ ಹತ್ತಿರ ಸಿಕ್ಕರೆ ತಲೆಯಾಡಿಸುವುದೇ ದೊಡ್ಡ ಮಾತು. ಆದರೆ ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯವರು ಆಡುವ ನಗೆನಾಟಕದಲ್ಲಿ ಅವರೇ ಮನೆ ಓನರು. ಪ್ರತಿ ವರ್ಷ ಅದೇ ನಾಟಕ. ನೀರು ಜಾಸ್ತಿ ಖರ್ಚು ಮಾಡುತ್ತೀರೆಂದು ಬಾಡಿಗೆದಾರನನ್ನು ಬೈಯಲು ಬಂದ ಓನರು, ಅಲ್ಲೇ ಕುಳಿತು ಅವರ ಮನೆಯ ತಿಂಡಿಯನ್ನೆಲ್ಲ ಖಾಲಿ ಮಾಡುತ್ತಾನೆ. ನೋಡಲು ಬಂದವರಲ್ಲಿ ಅರ್ಧ ಜನ ಓನರುಗಳು, ಅರ್ಧ ಜನ ಬಾಡಿಗೆಯವರು. ಓನರುಗಳೆಲ್ಲ ಪಕ್ಕದ ಮನೆಯ ಓನರನ್ನು ನೆನೆಸಿಕೊಂಡು ನಗುತ್ತಿದ್ದರು.

ಯಜಮಾನರದು ಒಂದೇ ಹಟ. ವೇದಿಕೆಯ ಮೇಲೆ ಸುಮ್ಮನೆ ತಿಂದಂತೆ ನಟಿಸುವುದಿಲ್ಲ, ನಿಜವಾದ ಉಪ್ಪಿಟ್ಟೇ ಬೇಕು. ಅದು ಆಂಟಿಯ ಮನೆಯಿಂದಲೇ ಸ್ಟೀಲ್ ಡಬ್ಬಿಯಲ್ಲಿ ಬರುತ್ತಿತ್ತು. ಆ ಡಬ್ಬಿಯೊಳಗೆ ಆಂಟಿಯ ಕಿತಾಪತಿಯೂ ಬರುತ್ತಿತ್ತು. ಒಂದು ವರ್ಷ ಉಪ್ಪಿನ ಬದಲು ಸಕ್ಕರೆ, ಇನ್ನೊಂದು ವರ್ಷ ಹಸಿಮೆಣಸಿನಕಾಯಿ ಅರೆದು ಕಲಸಿದ್ದು. ಏನು ಹಾಕಿದ್ದೇನೆಂದು ಗಂಡನಿಗೂ ಹೇಳುತ್ತಿರಲಿಲ್ಲ. ಮೊದಲ ತುತ್ತು ಬಾಯಿಗಿಟ್ಟಾಗ ಅವರ ಮುಖ ನೋಡಬೇಕು! ಅಂಥ ಮುಖ ಮಾಡಿಕೊಂಡೇ ಅವರು "ಆಹಾ, ಏನ್ ರುಚಿ ರೀ" ಅನ್ನಬೇಕಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು, ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆಯುತ್ತಿದ್ದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಂಟಿ.

ಒಂದು ವರ್ಷ ಗೌರಿ ಹಬ್ಬದ ಹೊತ್ತಿಗೆ ಯಜಮಾನರು ಹೋಗಿಬಿಟ್ಟರು. ನಾಟಕ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ಹೇಳಿಕೊಡುತ್ತಿದ್ದವಳು ನಾನು, ಓನರ ಮಾತೆಲ್ಲ ನನಗೆ ಬಾಯಿಪಾಠ. ಮೀಸೆ ನನಗೇ ಅಂಟಿತು. ಸಂಘದ ಕಾರ್ಯದರ್ಶಿಗಳು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಕೆಳಗಡೆ ಮನೆಯವ್ರಿಗೆ ಇನ್ವಿಟೇಷನ್ ಕೊಡೋದು ಬೇಡಮ್ಮ. ವರ್ಷ ಕಳೀಲಿ. ಸಾವಾದ ಮನೆಯವ್ರು ನಗೆನಾಟಕಕ್ಕೆಲ್ಲಾ ಬರ್ಬಾರ್ದು" ಅಂದರು.

ಅಂದು ಸಂಜೆ ಮೆಟ್ಟಿಲು ಹತ್ತುವಾಗ ಆಂಟಿ ಬಾಗಿಲಲ್ಲೇ ತಡೆದರು.

"ಈ ಸಲ ಉಪ್ಪಿಟ್ಟು ಯಾರ್ ಮನೇದೇ?"

"ಥರ್ಮಾಕೋಲ್ ಪುಡಿ ಮಾಡಿ ಇಡ್ತಾರಂತೆ ಆಂಟಿ..."

"ಥರ್ಮಾಕೋಲಾ! ಅವ್ರಿದ್ದಿದ್ರೆ ಸ್ಟೇಜ್ ಇಳಿದು ಮನೆಗೆ ಬಂದ್ಬಿಡ್ತಿದ್ರು. ನಾನ್ ಮಾಡ್ತೀನಿ, ನಾನೇ ತರ್ತೀನಿ. ಯಾರು ಬೇಡ ಅಂತಾರೋ ನೋಡೇಬಿಡ್ತೀನಿ."

ತಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಶಾಮಿಯಾನದ ನಡುವೆ ನಡೆದು ಹೋಗಿ, ಪ್ರತಿ ವರ್ಷ ಕೂರುತ್ತಿದ್ದ ಕುರ್ಚಿಯಲ್ಲೇ ಕುಳಿತರು. ಅಕ್ಕಪಕ್ಕದ ಹೆಂಗಸರು ಸೆರಗು ಸರಿಮಾಡಿಕೊಂಡು ಸ್ವಲ್ಪ ಸರಿದು ಕುಳಿತರು.

ಪರದೆ ಎದ್ದಿತು. ನಾನು ಬೈದೆ, ಕೂಗಾಡಿದೆ, ನಲ್ಲಿ ತಿರುಗಿಸಿ ಕುಣಿದೆ. ಒಬ್ಬರೂ ನಗಲಿಲ್ಲ. ಹೆಂಗಸು ಮೀಸೆ ಅಂಟಿಸಿಕೊಂಡು ಬಂದದ್ದಕ್ಕಾದರೂ ನಗಬೇಡವೇ! ಯಾರ ಕಣ್ಣೂ ವೇದಿಕೆಯ ಮೇಲಿರಲಿಲ್ಲ. ಎಲ್ಲರೂ ಆಂಟಿಯ ಬೆನ್ನನ್ನೇ ನೋಡುತ್ತಿದ್ದರು. ಗಂಡನ ಪಾತ್ರ ಕಣ್ಣೆದುರು ಓಡಾಡುತ್ತಿರುವಾಗ ಆಕೆಯ ಮುಂದೆ ಹೇಗೆ ನಗುವುದು? ಸೀಟಿ ಹೊಡೆಯುವ ಹುಡುಗರು ಕೂಡ ಕೈಕಟ್ಟಿ ಕುಳಿತಿದ್ದರು. ಬಾಡಿಗೆದಾರನ ಪಾತ್ರದವನು ಬೆವರು ಒರೆಸಿಕೊಳ್ಳುತ್ತ, "ಬೇಗ ಮುಗಿಸಿಬಿಡೋಣ ಅಕ್ಕ" ಎಂದು ಪಿಸುಗುಟ್ಟಿದ. ನನಗೆ ಅಳು ಬರುವಂತಾಗಿತ್ತು, ಕೋಪವೂ ಬಂದಿತ್ತು. ಪಾಪ ಪಾಪ ಅನ್ನುತ್ತಲೇ ಇವರೆಲ್ಲ ಸೇರಿ ಆಕೆಯನ್ನು ಜೀವಂತ ಇರುವಾಗಲೇ ಫೋಟೋ ಮಾಡಿ ಗೋಡೆಗೆ ನೇತುಹಾಕಲು ಹೊರಟಿದ್ದರು.

ಉಪ್ಪಿಟ್ಟಿನ ತಟ್ಟೆ ಬಂತು. ಇಂಥ ವರ್ಷದಲ್ಲಿ ಆಂಟಿ ಕಿತಾಪತಿ ಮಾಡುವುದಿಲ್ಲವೆಂದು ನಂಬಿ ದೊಡ್ಡ ತುತ್ತನ್ನೇ ಬಾಯಿಗಿಟ್ಟೆ.

ಹಾಗಲಕಾಯಿ! ಹಸೀ ಹಾಗಲಕಾಯಿ ತುರಿದು ಹಾಕಿದ್ದರು. ಕಹಿ ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು, ಮೂಗು ಸೊಟ್ಟಗಾಯಿತು, ಮೀಸೆಯ ಒಂದು ಕಡೆ ಕಿತ್ತುಬಂದು ತುಟಿಯ ಮೇಲೆ ಜೋತುಬಿತ್ತು. ಮಾತು ಮಾತ್ರ ಬಿಡುವಂತಿರಲಿಲ್ಲ.

"ಆ... ಹಾ... ಏನ್ ರುಚಿ ರೀ..."

ಆಂಟಿ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿಯಲಿಲ್ಲ, ಹಿಂದೆ ತಿರುಗಿ ಯಾರ ಮುಖವನ್ನೂ ನೋಡಲಿಲ್ಲ. ಹೊಟ್ಟೆ ಹಿಡಿದುಕೊಂಡು, ತೊಡೆ ತಟ್ಟಿಕೊಂಡು ಒಬ್ಬರೇ ನಕ್ಕರು. ಶಾಮಿಯಾನದ ತುಂಬ ಅದೊಂದೇ ನಗು. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಒಂದು ಸೀಟಿ ಕೇಳಿಸಿತು. ಅಷ್ಟೇ, ಅಣೆಕಟ್ಟಿನ ಗೇಟು ತೆಗೆದ ಹಾಗಾಯಿತು. ಅಷ್ಟು ಹೊತ್ತು ತಡೆದುಕೊಂಡಿದ್ದ ನಗುವನ್ನೆಲ್ಲ ಜನ ಒಟ್ಟಿಗೆ ನಕ್ಕರು. ಆಂಟಿಯ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅದರಲ್ಲಿ ನಗುವಿನದೆಷ್ಟು, ಉಳಿದದ್ದೆಷ್ಟು... ಕೇಳುವ ಹಕ್ಕು ನನಗಿರಲಿಲ್ಲ, ಯಾರಿಗೂ ಇರಲಿಲ್ಲ.

ಮರುದಿನ ಹಾಲಿನ ಬೂತಿನ ಹತ್ತಿರ ಗುಸುಗುಸು ಶುರುವಾಗಿತ್ತು. ಗಂಡ ಹೋಗಿ ಮೂರು ತಿಂಗಳಾಗಿಲ್ಲ, ಹಲ್ಲು ಕಿರಿಯುತ್ತಾಳಲ್ಲ ಎಂದು. ನಾನು ಉರಿದುಕೊಂಡು ಬಂದು ಆಂಟಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಅಳೋದನ್ನ ಮನೇಲಿ ಅಳ್ತಾ ಇದೀನಿ ಕಣೇ. ಅದನ್ನ ಇವ್ರಿಗೆ ತೋರಿಸ್ಬೇಕಾ? ನಗೋದಕ್ಕೆ ಇವ್ರ ಪರ್ಮಿಷನ್ ಬೇಕಾ?"

ಆಮೇಲಿನ ಪ್ರತಿ ವರ್ಷವೂ ಡಬ್ಬಿ ಬಂತು, ಆಂಟಿಯೂ ಬಂದರು. ನಾವು ಮನೆ ಬದಲಾಯಿಸಿ ನಾಯಂಡಹಳ್ಳಿಗೆ ಹೋದ ಮೇಲೂ ನನ್ನ ಬಾಯಿಗೆ ಏನು ಕಾದಿದೆಯೋ ಎಂಬ ಹೆದರಿಕೆಯಲ್ಲೇ ಮೀಸೆ ಅಂಟಿಸಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಆಂಟಿಯೂ ಹೋದರು. ನಿನ್ನೆ ಕಾರ್ಯದರ್ಶಿಗಳ ಫೋನ್ ಬಂತು. "ಈ ವರ್ಷ ನಾಟಕ ಬೇಡಮ್ಮ. ಅವ್ರ ಹೆಸರಲ್ಲಿ ಎರಡು ನಿಮಿಷ ಮೌನ ಆಚರಿಸಿ, ಭಜನೆ ಇಟ್ಕೊಳೋಣ."

"ಆಂಟಿ ಹೆಸರಲ್ಲಿ ಮೌನವಾ ಸಾರ್? ಚೆನ್ನಾಗಿದೆ! ನಾಟಕ ಇದ್ದೇ ಇರುತ್ತೆ. ಉಪ್ಪಿಟ್ಟು ನಿಮ್ಮ ಮನೆಯಿಂದ ಬರ್ಲಿ."

ಅವರು ಮೆಲ್ಲಗೆ, "ಅದಕ್ಕೆ ಏನ್ ಹಾಕಿಸ್ಲಿ?" ಅಂದರು.

"ಅದನ್ನ ಮಾತ್ರ ನನಗೆ ಹೇಳ್ಬೇಡಿ ಸಾರ್."

ಫೋನಿಟ್ಟ ಮೇಲೆ ಮೀಸೆಯನ್ನು ಬಿಸಿಲಿಗೆ ಹಾಕಿದೆ. ಉಪ್ಪಿಟ್ಟಿಗೆ ದಾರಿಯಾಯಿತು. ಆದರೆ ಮುಂದಿನ ಸಾಲಿನ ಆ ಕುರ್ಚಿಗೆ ಏನು ಮಾಡುವುದೋ ತಿಳಿಯಲಿಲ್ಲ. ಮೊದಲು ಯಾರಾದರೂ ಒಬ್ಬರು ನಗಬೇಕಲ್ಲ... ನಾನು ವೇದಿಕೆಯ ಮೇಲಿರುತ್ತೇನೆ, ನಗುವಂತಿಲ್ಲ.